ಕೋಚಿಂಗ್ ಡಿಪೋ ಮಾಡೆಲ್ ಕಟ್ತಿದೀನಿ, ಜನರ ಮುಂದೆ ಇಡ್ಬೇಕು, ಗೊತ್ತಿರೋರು ಹೇಳಿ

ಕುಂಸಿ_ಹಳಿ

ಎಲ್ರಿಗೂ ನಮಸ್ಕಾರ. 2023ರ ಫೆಬ್ರವರಿ 27ಕ್ಕೆ ಶಿವಮೊಗ್ಗ ಏರ್‌ಪೋರ್ಟ್ ಉದ್ಘಾಟನೆ ಆಯ್ತಲ್ಲ, ಅದೇ ದಿನ ಕೋಟೆಗಂಗೂರಿನ ರೈಲ್ವೆ ಕೋಚಿಂಗ್ ಡಿಪೋಗೂ ಅಡಿಗಲ್ಲು ಬಿತ್ತು, ನೂರು ಕೋಟಿಗೂ ಮೇಲಿನ ಕೆಲಸ, ಆದ್ರೆ ನಮ್ಮ ಕಡೆ ಅದರ ಬಗ್ಗೆ ಮಾತಾಡಿದೋರು ಕಡ್ಮೆ. ಮನೇಲೇ ಕೇಳಿದ್ರು, ಡಿಪೋ ಅಂದ್ರೆ ಎಂತ, ರೈಲು ನಿಲ್ಸಿಡೋ ಜಾಗ ತಾನೆ ಅಂತ. ಅವತ್ತಿಂದ ನಂಗೆ ಒಂದೇ ಆಸೆ, ನಾವು ಬೆಳಿಗ್ಗೆ ಹತ್ತೋ ಬೋಗಿಯ ಕೆಳಗೆ ರಾತ್ರಿ ಯಾರು ಇಳಿದು ಎಂತ ಕೆಲಸ ಮಾಡ್ತಾರೆ ಅನ್ನೋದು ಜನಕ್ಕೆ ಕಾಣೋ ಹಂಗೆ ಒಂದು ಲೇಔಟ್, ಅಂದ್ರೆ ಹಳಿ ಕಟ್ಟಡ ಎಲ್ಲಾ ಇರೋ ಪುಟ್ಟ ರೈಲ್ವೆ ಮಾಡೆಲ್, ಮಾಡ್ಬೇಕು.

ಎಚ್‌ಓ ಸ್ಕೇಲ್, 1:87, ಅಂದ್ರೆ ನಿಜದ ಅಳತೆಯ 87ರಲ್ಲಿ ಒಂದು ಪಾಲು. ಬೋರ್ಡ್ ನಾಲ್ಕು, ಒಂದೊಂದು 120 ಸೆಂ.ಮೀ. ಉದ್ದ 60 ಸೆಂ.ಮೀ. ಅಗಲ, ಜೋಡಿಸಿದ್ರೆ 4.8 ಮೀಟರ್. ಕೋಟೆಗಂಗೂರಿನ ಪ್ಲಾನ್ ಕಾಪಿ ಮಾಡ್ತಿಲ್ಲ, ಮಲೆನಾಡಲ್ಲಿ ಒಂದು ಡಿಪೋ ಇದ್ರೆ ಹೆಂಗಿರುತ್ತೋ ಹಂಗೆ, ಹಿಂದೆ ಅಡಿಕೆ ತೋಟ, ಪಕ್ಕದಲ್ಲಿ ಕೆಂಪು ಮಣ್ಣಿನ ದರೆ, ಜಂಬಿಟ್ಟಿಗೆ ಕಲ್ಲಿನ ಕಾಂಪೌಂಡ್. ಎರಡು ಪಿಟ್ ಲೈನ್ (ಕೆಳಗೆ ಇಳಿದು ಕೆಲಸ ಮಾಡೋಕೆ ಗುಂಡಿ ಇರೋ ಹಳಿ), ಒಂದು ಸಿಕ್ ಲೈನ್ (ಕೆಟ್ಟ ಬೋಗಿ ರಿಪೇರಿ ಹಳಿ), ಒಂದು ಸ್ಟೇಬ್ಲಿಂಗ್ ಲೈನ್ (ಬೋಗಿ ನಿಲ್ಸಿಡೋ ಹಳಿ) ಅಂತ ಗೀಚಿಕೊಂಡಿದೀನಿ. ಸದ್ಯಕ್ಕೆ ಜಾಗ ಅಡಿಕೆ ಸುಲಿಯೋ ಶೆಡ್‌ನಲ್ಲಿ, ಕೊಯ್ಲು ಶುರುವಾದ್ರೆ ಅಲ್ಲಿಂದ ಎತ್ಬೇಕು.

ಕೇಳೋದು ಎರಡು. ರೇಕ್, ಅಂದ್ರೆ ಒಂದು ಗಾಡಿಯ ಬೋಗಿಗಳ ಪೂರ್ತಿ ಸಾಲು, ಅದರ ಉದ್ದ ಹೆಂಗೆ ಹೊಂದಿಸೋದು? ಆಮೇಲೆ, ಡಿಪೋದಲ್ಲಿ ರೈಲು ಗಿರಗಿರ ಸುತ್ತಲ್ಲ, ಎಗ್ಸಿಬಿಷನ್‌ಗೆ ಬಂದೋರು ನಿಂತು ನೋಡೋ ಹಂಗೆ ಮಾಡೋದು ಹೆಂಗೆ?

ಭದ್ರಾವತಿ_ವೈರಿಂಗ್

ಒಳ್ಳೇ ಸಬ್ಜೆಕ್ಟ್ ಹಿಡಿದಿದೀರಿ. ಮೊದ್ಲು ಲೆಕ್ಕ. ಹೊಸ ಮಾದರಿಯ ಎಲ್‌ಎಚ್‌ಬಿ ಬೋಗಿ ಕಪ್ಲರ್ (ಬೋಗಿ ಜೋಡಿಸೋ ಕೊಂಡಿ) ಸೇರಿ ಸುಮಾರು 24 ಮೀಟರ್, 87ರಿಂದ ಭಾಗಿಸಿದ್ರೆ 27.6 ಸೆಂ.ಮೀ. ಹಳೇ ಮಾದರಿಯ ಐಸಿಎಫ್ ಬೋಗಿ ಬಫರ್ ಸೇರಿ 22.3 ಮೀಟರ್, ಅದು 25.6 ಸೆಂ.ಮೀ. 22 ಎಲ್‌ಎಚ್‌ಬಿ ಬೋಗಿ ಪೂರ್ತಿ ಇಡ್ತೀನಿ ಅಂದ್ರೆ ರೇಕ್‌ಗೇ 6 ಮೀಟರ್ ಬೇಕು, ನಿಮ್ಮ ಬೋರ್ಡ್‌ಗಿಂತ ಉದ್ದ. ಎನ್ ಸ್ಕೇಲ್ (1:160) ಆದ್ರೆ ಬೋಗಿ 15 ಸೆಂ.ಮೀ., 22 ಬೋಗಿ 3.3 ಮೀಟರಲ್ಲಿ ಕೂರುತ್ತೆ, ಆದ್ರೆ ಪಿಟ್ ಒಳಗಿನ ಮನುಷ್ಯ 10 ಮಿಲಿಮೀಟರ್ ಆಗ್ತಾನೆ, ನೀವು ತೋರಿಸ್ಬೇಕು ಅಂದ ಕೆಲಸಾನೇ ಕಾಣಲ್ಲ. ಎಚ್‌ಓದಲ್ಲಿ 19 ಮಿ.ಮೀ. ಇರ್ತಾನೆ, ಕೈಲಿ ಸ್ಪ್ಯಾನರ್ ಇದ್ರೂ ಕಾಣುತ್ತೆ. ಎಚ್‌ಓನೇ ಇರ್ಲಿ.

ಉದ್ದಕ್ಕೆ ನಾನು ಮಾಡೋದಾದ್ರೆ ಡಿಪೋದ ಒಂದು ಕೊನೆ ಮಾತ್ರ ಕಟ್ಟೋದು. ಎಡಗಡೆ ರೋಡ್ ಓವರ್‌ಬ್ರಿಡ್ಜ್ ಹಾಕಿ, ಪಿಟ್ ಲೈನು ಅದರ ಕೆಳಗೆ ಹೋಗಿ ಮರೆಯಾಗ್ಲಿ, ಆಚೆಗೆ ಫಿಡಲ್ ಯಾರ್ಡ್, ಅಂದ್ರೆ ಜನಕ್ಕೆ ಕಾಣದ ಹಂಗೆ ರೈಲು ನಿಲ್ಸಿಡೋ ಜಾಗ. ನೋಡೋರಿಗೆ ಐದಾರು ಬೋಗಿ ಕಾಣುತ್ತೆ, ಮಿಕ್ಕಿದ್ದು ಬ್ರಿಡ್ಜ್ ಆಚೆ ಇದೆ ಅಂತ ತಿಳ್ಕೋತಾರೆ.

ಪಾಯಿಂಟ್ (ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸೋ ಜಾಗ) ವಿಷ್ಯದಲ್ಲಿ ಕಂಜೂಸ್ ಮಾಡ್ಬೇಡಿ. ಪೆಕೋ ಕಂಪನಿಯ ಸ್ಮಾಲ್ ಪಾಯಿಂಟ್‌ನ ರೇಡಿಯಸ್ 610 ಮಿ.ಮೀ., ಮೀಡಿಯಂದು 914, ಲಾರ್ಜ್ 1524. 27 ಸೆಂ.ಮೀ. ಬೋಗಿನ ಸ್ಮಾಲ್ ಮೇಲೆ ಹಿಂದಕ್ಕೆ ತಳ್ಳಿದ್ರೆ ಎಂಡ್‌ಗಳು ಅಕ್ಕಪಕ್ಕಕ್ಕೆ ಎಳೆದು ಹಳಿ ಬಿಡುತ್ತೆ, ಡಿಪೋದಲ್ಲಿ ನಡೆಯೋದೆಲ್ಲ ತಳ್ಳೋ ಕೆಲಸಾನೇ. ಮೀಡಿಯಂಗಿಂತ ಕೆಳಗೆ ಇಳೀಬೇಡಿ.

ತುಂಗಾ_ಮೀಟರ್‌ಗೇಜ್

ನನ್ನ ಮಾತು ಬೇರೆ. ಯಾಕೆ ಬ್ರಾಡ್‌ಗೇಜ್? ನಮ್ಮ ಊರಿಗೆ ಬೀರೂರಿಂದ ರೈಲು ಬಂದಿದ್ದೇ 1899ರಲ್ಲಿ ಮೀಟರ್‌ಗೇಜ್ ಮೇಲೆ, ಆಮೇಲೆ ಅದು ಆನಂದಪುರ ಸಾಗರ ದಾಟಿ ತಾಳಗುಪ್ಪ ತನಕ ಹೋಯ್ತು. ಆ ಲೈನ್‌ನಲ್ಲಿ ಓಡ್ತಿದ್ದ ರೈಲ್‌ಬಸ್ ಹತ್ತಿದೋರು ಇಲ್ಲೇ ಎಷ್ಟೋ ಜನ ಇದ್ದಾರೆ. ಒಂದು ಮೀಟರ್ ಗೇಜ್ 1:87ರಲ್ಲಿ 11.5 ಮಿ.ಮೀ., ರೆಡಿ ಸಿಗೋ ಟ್ರ್ಯಾಕ್ 12 ಮಿ.ಮೀ., ಕಣ್ಣಿಗೆ ವ್ಯತ್ಯಾಸ ಗೊತ್ತೇ ಆಗಲ್ಲ. ಬೋಗಿ ಗಿಡ್ಡ, ರೇಕ್ ಗಿಡ್ಡ, ನಿಮ್ಮ ಉದ್ದದ ಸಮಸ್ಯೆ ಅರ್ಧ ಅಲ್ಲೇ ತೀರುತ್ತೆ. ಹೋದದ್ದನ್ನ ಉಳಿಸ್ಕೊಳ್ಳೋದು ಮಾಡೆಲ್ ಮಾಡೋರ ಕೆಲಸ ಅಂತ ನನ್ನ ನಂಬಿಕೆ.

ಭದ್ರಾವತಿ_ವೈರಿಂಗ್

ತುಂಗಾ ಅವ್ರು ಗೇಜ್ ಎತ್ತಿದ್ದಕ್ಕೆ ಒಂದು ಹೇಳ್ಲೇಬೇಕು. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., 1:87ರಲ್ಲಿ ನಿಜವಾಗಿ 19.3 ಮಿ.ಮೀ. ಆಗ್ಬೇಕು, ನಾವೆಲ್ಲ ಓಡ್ಸೋದು 16.5ರ ಟ್ರ್ಯಾಕ್ ಮೇಲೆ. ಮಾಮೂಲಿ ಲೇಔಟಲ್ಲಿ ಬೋಗಿನ ಪಕ್ಕದಿಂದ ನೋಡ್ತೀವಿ, ತಿಳಿಯಲ್ಲ. ಪಿಟ್ ಲೈನ್ ಹಂಗಲ್ಲ, ಎದುರಿಂದ ಪಿಟ್ ಒಳಗೆ ಇಣುಕಿ ನೋಡ್ತಾರೆ, ಹಳಿ ಮೇಲೆ ಬೋಗಿ ಎರಡೂ ಕಡೆ ಜಾಸ್ತಿ ಆಚೆ ಬಂದಿರೋದು ಎದ್ದು ಕಾಣುತ್ತೆ. 19.3ಕ್ಕೆ ಕೈಯಲ್ಲೇ ಟ್ರ್ಯಾಕ್ ಕಟ್ಟೋರು ಇದ್ದಾರೆ, ಆದ್ರೆ ಪಾಯಿಂಟ್, ಆಕ್ಸಲ್, ಎಂಜಿನ್ ಒಳಗಿನ ಗೇರ್ ಎಲ್ಲಾ ಬದಲಾಯಿಸ್ಬೇಕು. ಪ್ರದರ್ಶನಕ್ಕೆ ಇಡೋದು ಅಂದ್ರೆ ನಾನು 16.5ಕ್ಕೇ ಓಟು ಹಾಕ್ತೀನಿ, ಓಡೋದು ಮುಖ್ಯ.

ಕುಂಸಿ_ಹಳಿ

ತುಂಗಾ ಅವ್ರೆ, ಮೀಟರ್‌ಗೇಜ್ ನಂಗೂ ಜೀವ. ಆದ್ರೆ ಇವತ್ತು ನಮ್ಮೂರ ಹುಡುಗ್ರು ಹತ್ತೋ ರೈಲು, ಜನಶತಾಬ್ದಿ, ಮೈಸೂರು ತಾಳಗುಪ್ಪ ಗಾಡಿ, ಅವುಗಳ ಹಿಂದಿನ ಕೆಲಸ ತೋರಿಸ್ಬೇಕು ಅನ್ನೋದು ನನ್ನ ಹಟ. ಹಳೇದಾದ್ರೆ ಜನ ಅಯ್ಯೋ ಎಷ್ಟು ಚೆಂದ ಇತ್ತು ಅಂತ ನೆನಪು ಮಾಡ್ಕೊಂಡು ಹೋಗ್ತಾರೆ, ಹೊಸದಾದ್ರೆ ಮುಂದಿನ ಸಲ ರೈಲು ಹತ್ತುವಾಗ ಒಂದು ಸಲ ಬಗ್ಗಿ ಬೋಗಿ ಕೆಳಗೆ ನೋಡ್ತಾರೆ. ಒಂದು ಮಾತು ಕೊಡ್ತೀನಿ, ಗೇಟ್ ಪಕ್ಕ ಒಂದು ಹಳೇ ಮೀಟರ್‌ಗೇಜ್ ಬೋಗಿನ ಕಟ್ಟೆ ಮೇಲೆ ನಿಲ್ಸ್ತೀನಿ, ಅರಸಾಳು ಸ್ಟೇಷನ್ ಮ್ಯೂಸಿಯಂ ಹತ್ರ ಇಟ್ಟಿದ್ದಾರಲ್ಲ ಹಂಗೆ. ಅಳತೆಗೆ ಅಲ್ಲಿಗೇ ಟೇಪ್ ಹಿಡ್ಕೊಂಡು ಹೋಗೋಣ, ನೀವೂ ಬನ್ನಿ.

ಗೇಜ್ 16.5 ಅಂತ ತೀರ್ಮಾನ ಮಾಡ್ದೆ. ಓವರ್‌ಬ್ರಿಡ್ಜ್ ಐಡಿಯಾ ಪಕ್ಕಾ.

ಪಿಟ್‌ಲೈನ್_ಹಳಬ

ನಾನು ರೈಲ್ವೆಯಲ್ಲಿ ಬೋಗಿ ವ್ಯಾಗನ್ ನೋಡ್ಕೊಳ್ಳೋ ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಿ ಆದವ, ಈಗ ಶಿವಮೊಗ್ಗದಲ್ಲೇ ಇದೀನಿ. ಮಾಡೆಲ್ ನಂಗೆ ಗೊತ್ತಿಲ್ಲ, ಡಿಪೋ ಗೊತ್ತು. ನಿಮ್ಮ ಪ್ಲಾನ್ ನೋಡಿ ಸಂತೋಷ ಆಯ್ತು, ಒಂದಷ್ಟು ಬರೀತೀನಿ, ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಕೆಲಸ ಪಿಟ್‌ನಲ್ಲಿ ಶುರುವಾಗಲ್ಲ, ಗಾಡಿ ಸ್ಟೇಷನ್ ಒಳಗೆ ಬರ್ತಿರುವಾಗ್ಲೇ ಶುರು. ರೋಲಿಂಗ್ ಇನ್ ಅಂತೀವಿ, ಹಳಿಯ ಎರಡೂ ಪಕ್ಕ ಒಬ್ಬೊಬ್ಬ ಕುಕ್ಕರಗಾಲಲ್ಲಿ ಕೂತು ಓಡ್ತಿರೋ ಗಾಡಿ ಕೆಳಭಾಗ ನೋಡ್ತಾನೆ, ಸದ್ದು ಕೇಳ್ತಾನೆ. ಚಕ್ರ ಚಪ್ಪಟೆ ಆಗಿದ್ರೆ ಟಕ್ ಟಕ್ ಅನ್ನುತ್ತೆ, ಏನಾದ್ರೂ ನೇತಾಡ್ತಿದ್ರೆ ಕಾಣುತ್ತೆ, ಬ್ರೇಕ್ ಹಿಡ್ಕೊಂಡಿದ್ರೆ ವಾಸನೆಗೇ ಗೊತ್ತಾಗುತ್ತೆ. ನಿಂತ ಮೇಲೆ ಆಕ್ಸಲ್ ಬಾಕ್ಸ್ ಬಿಸಿ ಎಷ್ಟಿದೆ ಅಂತ ಥರ್ಮಾಮೀಟರ್ ಗನ್ ಹಿಡಿದು ನೋಡ್ತಾರೆ. ನಿಮ್ಮ ಲೇಔಟ್‌ಗೆ ಡಿಪೋ ಬಾಯಲ್ಲಿ ಹಂಗೆ ಕೂತ ಇಬ್ರನ್ನ ಇಡಿ, ಇದನ್ನ ಯಾರೂ ಮಾಡೆಲ್ ಮಾಡಿರಲ್ಲ.

ಆಮೇಲೆ ರೇಕ್ ಪಿಟ್‌ಗೆ ಬರುತ್ತೆ. ಬಂದ ತಕ್ಷಣ ಯಾರೂ ಕೆಳಗೆ ಇಳಿಯಲ್ಲ. ಎರಡೂ ಕೊನೆಗೆ ಕೆಂಪು ಬಾವುಟ, ರಾತ್ರಿ ಆದ್ರೆ ಕೆಂಪು ದೀಪ, ಪಾಯಿಂಟ್ ಬೇರೆ ಲೈನಿಗೆ ತಿರುಗಿಸಿ ಬೀಗ. ಕೆಳಗೆ ಜನ ಇದ್ದಾರೆ, ಯಾವ ಎಂಜಿನ್ನೂ ಬಂದು ಮುಟ್ಟಬಾರದು ಅಂತ ಅರ್ಥ. ಬಾವುಟ ಹಾಕಿದೋರೇ ತೆಗೀಬೇಕು, ಬೇರೆಯವರು ಮುಟ್ಟಂಗಿಲ್ಲ. ನಾನು ಕಲಿತ ಮೊದಲ ಪಾಠ ಅದು, ನಿಮ್ಮ ಲೇಔಟಲ್ಲಿ ಬೇರೆ ಏನು ಬಿಟ್ರೂ ಬಾವುಟ ಬಿಡಬೇಡಿ.

ಕೆಳಗೆ ಒಂದು ಗ್ಯಾಂಗ್ ಟ್ರಾಲಿ (ಬೋಗಿ ಕೆಳಗಿನ ಚಕ್ರಗಳ ಚೌಕಟ್ಟು), ಸ್ಪ್ರಿಂಗ್, ಬ್ರೇಕ್ ನೋಡ್ತಿರುತ್ತೆ. ಐಸಿಎಫ್‌ನಲ್ಲಿ ಚಕ್ರಕ್ಕೆ ಒತ್ತೋ ಬ್ರೇಕ್ ಬ್ಲಾಕ್, ಎಲ್‌ಎಚ್‌ಬಿಯಲ್ಲಿ ಆಕ್ಸಲ್ ಮೇಲೆ ಡಿಸ್ಕು ಮತ್ತೆ ಪ್ಯಾಡು. ಅದೇ ಹೊತ್ತಿಗೆ ಮೇಲೆ ಒಳಗಡೆ ಕಸ ಗುಡಿಸೋರು, ಟಾಯ್ಲೆಟ್ ತೊಳೆಯೋರು, ಸೀಟ್ ಸರಿ ಮಾಡೋರು, ಲೈಟ್ ಫ್ಯಾನ್ ನೋಡೋ ಎಲೆಕ್ಟ್ರಿಕಲ್‌ನೋರು, ಪಕ್ಕದ ಕ್ಯಾಟ್‌ವಾಕ್ ಮೇಲೆ ಉದ್ದ ಕೋಲಿನ ಬ್ರಷ್ ಹಿಡಿದು ಹೊರಗೆ ಉಜ್ಜೋರು, ಹೈಡ್ರಂಟ್‌ನಿಂದ ಪೈಪ್ ಎಳೆದು ನೀರು ತುಂಬ್ಸೋರು. ಪೂರ್ತಿ ಪ್ರೈಮರಿ ಮೇಂಟೆನೆನ್ಸ್‌ಗೆ ಪಿಟ್ ಮೇಲೆ ಸುಮಾರು ಆರು ಗಂಟೆ ಹಿಡಿಯುತ್ತೆ. ಎಲ್‌ಎಚ್‌ಬಿ ಎಸಿ ಬೋಗಿಗೆ ಪಿಟ್ ಪಕ್ಕದಿಂದ 750 ವೋಲ್ಟ್ ಸಪ್ಲೈ ಕೊಡ್ತಾರೆ, ದಪ್ಪ ಕಪ್ಪು ಕೇಬಲ್, ಅದನ್ನೂ ಹಾಕಿ.

ಕೊನೆಗೆ ಬ್ರೇಕ್ ಟೆಸ್ಟ್. ಬ್ರೇಕ್ ಪೈಪಲ್ಲಿ 5 ಕೆ.ಜಿ., ಫೀಡ್ ಪೈಪಲ್ಲಿ 6 ಕೆ.ಜಿ. ಪ್ರೆಷರ್ ಬರ್ಬೇಕು, ಒಂದೊಂದು ಬೋಗಿಯೂ ಬ್ರೇಕ್ ಹಿಡಿದು ಬಿಟ್ಟಿದ್ದು ನಡ್ಕೊಂಡು ಹೋಗಿ ನೋಡ್ಬೇಕು. ಎಲ್ಲಾ ಸರಿ ಇದ್ರೆ ಬ್ರೇಕ್ ಪವರ್ ಸರ್ಟಿಫಿಕೇಟ್ ಬರೆದು ಸಹಿ. ಆ ಕಾಗದ ಇಲ್ಲದೆ ಗಾಡಿ ಹೊರಡಲ್ಲ.

ಇನ್ನೊಂದು, ಫೋಟೋಗೆ ಅಂತ ಹಳಿ ದಾಟಿ ಯಾರ್ಡ್ ಒಳಗೆ ಹೋಗಬೇಡಿ. ರೈಲ್ವೆ ಕಾಯ್ದೆ ಸೆಕ್ಷನ್ 147ರಲ್ಲಿ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ ಇದೆ, ಅದಕ್ಕಿಂತ ಮುಖ್ಯ ಶಂಟಿಂಗ್ ಮಾಡುವಾಗ, ಅಂದ್ರೆ ಯಾರ್ಡ್ ಒಳಗೆ ಹಳಿ ಬದಲಾಯಿಸಿ ತಳ್ಳುವಾಗ, ಬೋಗಿ ಸದ್ದೇ ಮಾಡದೆ ಬರುತ್ತೆ. ಬರವಣಿಗೆಯಲ್ಲಿ ಪರ್ಮಿಷನ್ ತಗೊಂಡು ಹೋಗಿ.

ಕುಂಸಿ_ಹಳಿ

ಸರ್, ಇದನ್ನ ಪ್ರಿಂಟ್ ತೆಗೆದು ಶೆಡ್ ಗೋಡೆಗೆ ಅಂಟಿಸಿದೀನಿ. ಸಿಕ್ ಲೈನಲ್ಲಿ ಎಂತ ಇರ್ಬೇಕು ಅದನ್ನೂ ಹೇಳಿ.

ಪಿಟ್‌ಲೈನ್_ಹಳಬ

ಪಿಟ್‌ನಲ್ಲಿ ಸರಿ ಮಾಡಕ್ಕಾಗದ ಬೋಗಿನ ರೇಕ್‌ನಿಂದ ಬಿಡಿಸಿ ಅಲ್ಲಿಗೆ ತಳ್ತಾರೆ. ನಾಲ್ಕು ಮೂಲೆಗೆ ವೈಟಿಂಗ್ ಜಾಕ್ (ಬೋಗಿ ಮೇಲೆತ್ತೋ ದೊಡ್ಡ ಜಾಕ್) ಇಟ್ಟು ಬೋಗಿನ ಮೇಲೆತ್ತಿ, ಕೆಳಗಿನ ಟ್ರಾಲಿ ಉರುಳಿಸಿ ಹೊರಗೆ ತೆಗೆದು ಬೇರೆ ಕೂರಿಸ್ತಾರೆ. ಪಕ್ಕದಲ್ಲಿ ಚಕ್ರದ ಸೆಟ್ಟುಗಳು ಸಾಲಾಗಿ ನಿಂತಿರ್ತವೆ, ಉರುಳದ ಹಂಗೆ ಮರದ ಕುಟ್ಟಿ ಕೊಟ್ಟಿರ್ತಾರೆ. ಎತ್ತಿದ ಬೋಗಿ ಒಂದು ತೋರಿಸಿ, ಜನ ಅಲ್ಲಿಂದ ಕದಲಲ್ಲ. ಅಳತೆಗೆ ಬೇಕಿದ್ರೆ, ಐಸಿಎಫ್ ಟ್ರಾಲಿಯ ಎರಡು ಆಕ್ಸಲ್ ನಡುವೆ 2896 ಮಿ.ಮೀ., ಎಲ್‌ಎಚ್‌ಬಿ ಫಿಯಟ್ ಟ್ರಾಲಿಗೆ 2560. ಟಾಯ್ಲೆಟ್ ಕೆಳಗೆ ಬಯೋಟ್ಯಾಂಕ್ (ಮಲ ಕರಗಿಸೋ ಟ್ಯಾಂಕ್) ಪೆಟ್ಟಿಗೆ ಕೂರಿಸೋದು ಮರೀಬೇಡಿ, ಕೆಳಗಿನಿಂದ ನೋಡಿದ್ರೆ ಮೊದ್ಲು ಕಾಣೋದೇ ಅದು.

ಸಾಗರ_ಮರಗೆಲಸ

ಬೋರ್ಡಿಗೆ ಎಂತ ಪ್ಲೈ ಹಾಕಿದೀರಿ ಅಂತ ಯಾರೂ ಕೇಳಿಲ್ಲ. ಶೆಡ್ ಅಂದ್ರಿ, ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್ ಗೋಡೆಯಿಂದ ನೀರು ಒಸರುತ್ತೆ, ಸಾದಾ ಕಮರ್ಷಿಯಲ್ ಪ್ಲೈ ಆದ್ರೆ ಹಪ್ಪಳದ ಹಂಗೆ ಸುರುಳುತ್ತೆ. ಐಎಸ್ 710 ಅಂತ ಸೀಲ್ ಇರೋ ಮರೈನ್ ಪ್ಲೈ ತಗೊಳ್ಳಿ, 12 ಮಿ.ಮೀ. ಸಾಕು, ಕೆಳಗೆ 40 ಸೆಂ.ಮೀ.ಗೊಂದು ಅಡ್ಡಪಟ್ಟಿ ಕೊಡಿ. ಮುಖ್ಯ ವಿಷ್ಯ, ಕೊಯ್ದ ಅಂಚಿಗೆಲ್ಲ ಸೀಲರ್ ಕುಡಿಸಿ, ತೇವ ಹೋಗೋದು ಅಂಚಿಂದ್ಲೇ. ಬೋರ್ಡ್ ಕೂಡೋ ಜಾಗದಲ್ಲಿ ಹಿತ್ತಾಳೆ ಡೋವೆಲ್ ಹಾಕಿ, ಮರದ ಗೂಟ ಬೇಡ, ಅದು ಊದ್ಕೊಳ್ಳುತ್ತೆ.

ಬೇಕಾದ್ರೆ ಇನ್ನೊಂದು ಸಹಾಯ. ನಮ್ಮ ಸಾಗರದಲ್ಲಿ ಗುಡಿಗಾರರ ಕೆತ್ತನೆ ಕೆಲಸ ಗೊತ್ತಲ್ಲ, ಗಂಧದ ಮರದಲ್ಲಿ ಬೆರಳುದ್ದದ ದೇವರ ಮುಖಕ್ಕೆ ಕಣ್ಣುರೆಪ್ಪೆ ಬಿಡಿಸ್ತಾರೆ. ಪರಿಚಯದವರೊಬ್ರ ಹತ್ರ ನಿಮ್ಮ 19 ಮಿ.ಮೀ. ಮನುಷ್ಯರ ಬಗ್ಗೆ ಹೇಳ್ದೆ, ಒಂದೆರಡು ಮಾಡಿ ನೋಡ್ತೀನಿ ಅಂದ್ರು, ಗಂಧ ಅಲ್ಲ, ಹಾಲೆ ಮರದಲ್ಲಿ.

ಆನಂದಪುರದ_ಅಕ್ಕ

ಮನುಷ್ಯರ ವಿಷ್ಯ ಬಂತಲ್ಲ, ನಾನು ಚಿಕ್ಕ ಗೊಂಬೆಗೆ ಬಣ್ಣ ಹಾಕ್ತೀನಿ, ಕೊಲು ಕೂರಿಸೋ ಗೊಂಬೆಯಿಂದ ಶುರುವಾದ ಅಭ್ಯಾಸ. ರೆಡಿ ಸಿಗೋ ಎಚ್‌ಓ ಫಿಗರ್ ಎಲ್ಲಾ ಯುರೋಪಿನೋರು, ಹ್ಯಾಟು ಕೋಟು ಹಾಕಿರ್ತಾರೆ. ನಮ್ಮ ಡಿಪೋದಲ್ಲಿ ಬೋಗಿ ಒಳಗೆ ಕಸ ಗುಡಿಸೋರಲ್ಲಿ ಹೆಂಗಸರು ಎಷ್ಟು ಜನ ಇರ್ತಾರೆ, ಅವರನ್ನ ಬಿಟ್ಟು ಡಿಪೋ ತೋರಿಸಬೇಡಿ. ನಾನು ಮಾಡೋದು ಹಿಂಗೆ, ಫಿಗರ್‌ನ ಸೊಂಟದಿಂದ ಕೆಳಗೆ ಎಪಾಕ್ಸಿ ಪುಟ್ಟಿ ಹಚ್ಚಿ ಸೀರೆ ನೆರಿಗೆ ಸೂಜಿ ಮೊನೆಯಲ್ಲಿ ಎಳೆದು, ಸೆರಗನ್ನ ಸಿಗರೇಟ್ ಪೇಪರ್‌ನಿಂದ ಕತ್ತರಿಸಿ ಫೆವಿಕಾಲ್ ನೀರಲ್ಲಿ ಅದ್ದಿ ಸೊಂಟಕ್ಕೆ ಸಿಗ್ಸೋದು, ಅದರ ಮೇಲೆ ಕಿತ್ತಳೆ ಬಣ್ಣದ ಜಾಕೆಟ್, ಜಾಕೆಟ್‌ಗೆ ಬೆಳ್ಳಿ ಪಟ್ಟಿ ಒಂದೇ ಒಂದು ಗೆರೆ. ಬಕೆಟ್‌ಗೆ ವೈರ್ ಸ್ಲೀವ್ 3 ಮಿ.ಮೀ. ಕಟ್ ಮಾಡಿ, ಹಿಡಿಗೆ ತಾಮ್ರದ ಎಳೆ. ಪೊರಕೆಗೆ ಹಳೇ ಪೇಂಟ್ ಬ್ರಷ್ ಕೂದಲು. ಅಳತೆ ಕಳಿಸಿ, ನಾನೇ ಮಾಡಿಕೊಡ್ತೀನಿ.

ಜಲ್ಲಿ ಬಗ್ಗೆ: ನಿಜವಾದ ಹಳಿ ಜಲ್ಲಿ 65 ಮಿ.ಮೀ. ತನಕ ಇರುತ್ತೆ, ನಿಮಗೆ 0.75 ಮಿ.ಮೀ.ಗಿಂತ ದಪ್ಪ ಇರಬಾರದು. ಕ್ರಷರ್ ಪುಡಿ ತಂದು ಟೀ ಸೋಸೋ ಜಾಲರಿಲಿ ಸೋಸಿ ತೊಳೆದು ಒಣಗಿಸಿ, ಆಮೇಲೆ ಆಯಸ್ಕಾಂತ ಆಡಿಸ್ಲೇಬೇಕು, ಕಬ್ಬಿಣದ ಪುಡಿ ಎಂಜಿನ್ ಮೋಟರ್‌ಗೆ ಅಂಟ್ಕೊಂಡ್ರೆ ಎಂಜಿನ್ ಹೋಯ್ತು.

ಕುಂಸಿ_ಹಳಿ

ಅಪ್‌ಡೇಟ್. ಮೊದಲ ಪಿಟ್ ಲೈನ್ ಮುಗೀತು. ಹೆಂಗೆ ಕಟ್ಟಿದ್ದು ಅಂತ ಕೇಳಿದೋರಿಗೆ ಬಿಡಿಸಿ ಬರೀತೀನಿ.

ಬೋರ್ಡ್ ಮೇಲಿನ ಪದರದಲ್ಲಿ ಉದ್ದಕ್ಕೆ ಕೊಯ್ದು ತೆಗೆದೆ, ಕೆಳಗೆ ಇನ್ನೊಂದು ತಳ ಕೂರಿಸ್ದೆ, ಆಳ 12 ಮಿ.ಮೀ., ನಿಜದಲ್ಲಿ ಒಂದು ಮೀಟರ್ ಚಿಲ್ರೆ ಆಗುತ್ತೆ. ಟ್ರ್ಯಾಕ್‌ನಿಂದ ಸ್ಲೀಪರ್ ಎಲ್ಲಾ ಕಳಚಿ ಬರೀ ರೈಲ್ ತಗೊಂಡೆ. ಹಳಿ ನಿಲ್ಲೋದು ಸಾಲುಕಂಬಗಳ ಮೇಲೆ, ಕಂಬಕ್ಕೆ 3 ಮಿ.ಮೀ. ಚೌಕದ ಪ್ಲಾಸ್ಟಿಕ್ ಪಟ್ಟಿ. ಅಂಟು ಒಂದನ್ನೇ ನಂಬಿದ್ರೆ ಹಳಿ ಬಿಸಿಲಿಗೆ ಎದ್ದು ಬರುತ್ತೆ, ಅದ್ಕೆ ನಾಲ್ಕು ಕಂಬಕ್ಕೊಂದು ಕಂಬದ ಒಳಗೆ ಹಿತ್ತಾಳೆ ಮೊಳೆ ಇಳಿಸಿ ತಲೆಗೆ ಹಳಿ ಬೆಸುಗೆ ಹಾಕಿದೀನಿ. ಗೇಜ್ ಕದಲದ ಹಂಗೆ ಮೂರು ಕಡೆ ರೋಲರ್ ಗೇಜ್ ಕೂರಿಸಿಕೊಂಡೇ ಬೆಸುಗೆ ಹಾಕ್ಬೇಕು, ಒಂದು ಸಲ ಬಿಸಿ ಆದ ಹಳಿ ಪೂರ್ತಿ ಆರೋ ತನಕ ಕೈ ತೆಗೀಬಾರದು.

ಪಿಟ್ ಗೋಡೆಗೆ ಬಿಳಿ ಸುಣ್ಣದ ಬಣ್ಣ, ಕೆಳಗೆ ಕಾಲು ಭಾಗ ಎಣ್ಣೆ ಜಿಡ್ಡಿನ ಕಪ್ಪು. ನೆಲದಲ್ಲಿ ನಡುವೆ ಒಂದು ಸಣ್ಣ ಚರಂಡಿ ಗೆರೆ, ಅದರ ಮೇಲೆ ಮಾತ್ರ ಹೊಳೆಯೋ ವಾರ್ನಿಷ್, ತೊಳೆದ ನೀರು ಹರೀತಿರೋ ಹಂಗೆ. ಗೋಡೆ ಒಳಗೆ 3 ಮಿ.ಮೀ. ವಾರ್ಮ್ ವೈಟ್ ಎಲ್‌ಇಡಿ, 10 ಸೆಂ.ಮೀ.ಗೊಂದು, ಅದಕ್ಕೆ ಟ್ರೇಸಿಂಗ್ ಪೇಪರ್ ಮುಚ್ಚಿದೀನಿ. ಶೆಡ್ ಲೈಟ್ ಆರಿಸಿ ಬೋಗಿ ಮೇಲೆ ನಿಲ್ಸಿ ನೋಡಿದ್ರೆ ಕೆಳಗಿನ ಸ್ಪ್ರಿಂಗ್, ಡಿಸ್ಕ್, ಬಯೋಟ್ಯಾಂಕ್ ಎಲ್ಲಾ ಬೆಳಕಲ್ಲಿ ಕಾಣ್ತವೆ. ಇದಕ್ಕೋಸ್ಕರ ಬೋಗಿಗಳ ತಳ ಪೂರ್ತಿ ಹೊಸದಾಗಿ ಮಾಡ್ಬೇಕಾಯ್ತು, ರೆಡಿ ಬೋಗಿಗೆ ಕೆಳಗೆ ಚಪ್ಪಟೆ ಪ್ಲಾಸ್ಟಿಕ್ ಬಿಟ್ರೆ ಏನೂ ಇರಲ್ಲ.

ಮಳೆಗಾಲದ ಡಿಪೋ ಅಂತ ಕಾಂಕ್ರೀಟ್ ಅಂಚಿಗೆಲ್ಲ ಪಾಚಿ ಹಸಿರು ಕೊಟ್ಟೆ. ಜಂಬಿಟ್ಟಿಗೆ ಗೋಡೆಗೆ ಥರ್ಮಾಕೋಲ್ ಬೇಡ, ಗಟ್ಟಿ ಫೋಮ್ ಶೀಟ್ ಮೇಲೆ ಕಲ್ಲಿನ ಗೆರೆ ಎಳೆದು ವೈರ್ ಬ್ರಷ್‌ನಲ್ಲಿ ಕುಟ್ಟಿದ್ರೆ ತೂತು ತೂತು ಚೆನ್ನಾಗಿ ಬರುತ್ತೆ, ಬಣ್ಣದ ಬದಲು ನಮ್ಮ ತೋಟದ ಮಣ್ಣೇ ಅರೆದು ಮ್ಯಾಟ್ ಮೀಡಿಯಂಗೆ ಕಲಸಿ ಬಳಿದೆ.

ಭದ್ರಾವತಿ_ವೈರಿಂಗ್

ಅದ್ಭುತ ಕೆಲಸ. ಓಡಿಸೋದರ ಬಗ್ಗೆ ಈಗ್ಲೇ ಯೋಚಿಸಿ. ಡಿಪೋದಲ್ಲಿ ಎಂಜಿನ್ ತೆವಳ್ಬೇಕು, ಜಿಗೀಬಾರದು. ಡಿಸಿಸಿ (ಹಳಿ ಮೂಲಕವೇ ಎಂಜಿನ್‌ಗೆ ಡಿಜಿಟಲ್ ಆದೇಶ ಕಳಿಸೋ ವ್ಯವಸ್ಥೆ) ಹಾಕಿ, ಆರ್ಡ್ವಿನೋ ಮೆಗಾ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡ್ ಮೇಲೆ ಡಿಸಿಸಿ-ಇಎಕ್ಸ್ ಓಡ್ಸಿದ್ರೆ ಖರ್ಚು ಕಡ್ಮೆ, ಸಾಫ್ಟ್‌ವೇರ್ ಫ್ರೀ. ಹಳಿಯ ಕರೆಂಟ್ ಕ್ಷಣ ತಪ್ಪಿದ್ರೂ ಎಂಜಿನ್ ನಿಲ್ಲದ ಹಂಗೆ ಒಳಗೆ ಕೀಪ್ ಅಲೈವ್ ಕೆಪಾಸಿಟರ್ ಕೂರಿಸಿ. ಪಾಯಿಂಟ್‌ನ ಫ್ರಾಗ್‌ಗೆ (ಎರಡು ಹಳಿ ಕೂಡೋ ಮೂಲೆ) ಕರೆಂಟ್ ಕೊಡ್ಲೇಬೇಕು, ಪಾಯಿಂಟ್ ತಿರುಗಿಸೋ ಎಸ್‌ಜಿ90 ಸರ್ವೋ ಮೋಟರ್ ಜೊತೆಗೆ ಒಂದು ಮೈಕ್ರೋಸ್ವಿಚ್ ಸಾಕು. ನಿಕಲ್ ಸಿಲ್ವರ್ ಹಳಿ ನಮ್ಮ ತೇವಕ್ಕೆ ಬೇಗ ಕಪ್ಪಾಗುತ್ತೆ, ಐಸೋಪ್ರೊಪೈಲ್‌ನಲ್ಲಿ ಒರೆಸಿ ಆಮೇಲೆ ಮೆತ್ತನೆ ಗ್ರಾಫೈಟ್ ಕಡ್ಡಿ ತೆಳ್ಳಗೆ ಎಳೀರಿ.

ಕಪ್ಲಿಂಗ್‌ನಲ್ಲಿ ನಿಮಗೆ ಅನುಕೂಲ ಇದೆ. ನಿಜವಾದ ಎಲ್‌ಎಚ್‌ಬಿಯಲ್ಲಿ ಸೆಂಟರ್ ಬಫರ್ ಕಪ್ಲರ್ ಇರೋದು, ಕೇಡೀ ಕಂಪನಿಯ ನಕಲ್ ಕಪ್ಲರ್ (ಬೆರಳು ಮಡಚಿದ ಹಂಗಿರೋ ಕೊಂಡಿ) ಹಾಕಿದ್ರೆ ನೋಡೋಕೂ ಸರಿ, ಹಳಿ ಕೆಳಗೆ ಆಯಸ್ಕಾಂತ ಇಟ್ರೆ ಕೈ ಮುಟ್ಟದೆ ಬಿಡಿಸ್ಬಹುದು. ಜನರ ಮುಂದೆ ದೊಡ್ಡ ಕೈ ಬಂದು ಬೋಗಿ ಎತ್ತಿದ್ರೆ ಅಲ್ಲಿಗೆ ಡಿಪೋ ಮುಗೀತು.

ತೀರ್ಥಹಳ್ಳಿ_ಮೇಷ್ಟ್ರು

ಶಾಲೆಗಳಲ್ಲಿ ವಸ್ತುಪ್ರದರ್ಶನ ನಡೆಸಿದ ಅನುಭವದಿಂದ ಹೇಳ್ತೀನಿ. ಮೇಜಿನ ಎತ್ತರ 1 ಮೀಟರ್ ದಾಟಬೇಡಿ, ಐದನೇ ಕ್ಲಾಸಿನ ಮಗುವಿಗೆ ಪಿಟ್ ಒಳಗೆ ಕಾಣ್ಬೇಕು. ಮುಂದೆ ಹಗ್ಗ ಒಂದು ಕೈ ದೂರದಲ್ಲಿ. ಓಡಿಸೋರು ಹಿಂದೆ ಅವಿತು ಕೂರಬೇಡಿ, ಮುಂದೆ ಬಂದು ಮಾತಾಡಿ, ಒಬ್ರು ಓಡಿಸಲಿ ಒಬ್ರು ಹೇಳ್ಲಿ. ಬೋರ್ಡ್ ಬರಹ ಕನ್ನಡದಲ್ಲಿ ದೊಡ್ಡದಾಗಿ, ಒಂದು ಬೋರ್ಡಿಗೆ ಮೂರು ಸಾಲು ಸಾಕು.

ಆದ್ರೆ ಒಂದು ರೈಲು ಸುತ್ತು ಹೊಡೀತಿರಲಿ ಅನ್ನೋದು ನನ್ನ ಅಭಿಪ್ರಾಯ, ಮುಂದುಗಡೆ ಒಂದು ಮೇನ್ ಲೈನ್ ಹಾಕಿ. ಮಕ್ಕಳು ಅದಕ್ಕೆ ನಿಲ್ತಾರೆ, ನಿಂತ ಮೇಲೆ ಡಿಪೋ ನೋಡ್ತಾರೆ.

ತುಂಗಾ_ಮೀಟರ್‌ಗೇಜ್

ಇದಕ್ಕೆ ನಾನು ಒಪ್ಪಲ್ಲ ಮೇಷ್ಟ್ರೆ. ಸುತ್ತೋ ರೈಲು ಇದ್ರೆ ಕಣ್ಣು ಅದನ್ನೇ ಹಿಂಬಾಲಿಸುತ್ತೆ, ಹಿಂದೆ ಬಗ್ಗಿ ಕೆಲಸ ಮಾಡ್ತಿರೋ ಅಷ್ಟು ಜನ ಬರೀ ಅಲಂಕಾರ ಆಗ್ತಾರೆ. ಹಂಗಾದ್ರೆ ಡಿಪೋ ಯಾಕೆ ಕಟ್ಬೇಕಿತ್ತು?

ಪಿಟ್‌ಲೈನ್_ಹಳಬ

ಇಬ್ರ ಮಾತಿಗೂ ಒಂದು ದಾರಿ ಇದೆ. ಒಂದು ರೇಕ್‌ನ ಪಾಳಿ ಪೂರ್ತಿ ಇಪ್ಪತ್ತು ನಿಮಿಷಕ್ಕೆ ಇಳಿಸಿ ಓಡ್ಸಿ. ರೇಕ್ ಬರುತ್ತೆ, ರೋಲಿಂಗ್ ಇನ್, ಪಿಟ್ ಮೇಲೆ ನಿಲ್ಲುತ್ತೆ, ಬಾವುಟ ಬೀಳುತ್ತೆ, ಪಿಟ್ ಲೈಟ್ ಹತ್ತುತ್ತೆ, ಒಂದು ಬೋಗಿ ಸಿಕ್ ಅಂತ ಗೊತ್ತಾಗುತ್ತೆ, ಬಾವುಟ ತೆಗೆದು ಶಂಟಿಂಗ್ ಎಂಜಿನ್ ಬಂದು ಅದನ್ನ ಬಿಡಿಸಿ ಸಿಕ್ ಲೈನ್‌ಗೆ ತಳ್ಳಿ ಸ್ಟೇಬ್ಲಿಂಗ್‌ನಿಂದ ಬೇರೆ ಬೋಗಿ ತಂದು ಸೇರಿಸುತ್ತೆ, ಮತ್ತೆ ಬಾವುಟ, ಬ್ರೇಕ್ ಟೆಸ್ಟ್, ಸರ್ಟಿಫಿಕೇಟ್, ಹೊರಡೋದು. ಇಷ್ಟರಲ್ಲಿ ಓಡಾಟ ಬೇಕಾದಷ್ಟಿದೆ. ಬಾವುಟ ಹಾಕೋದು ತೆಗೆಯೋದು ಮಕ್ಕಳ ಕೈಗೆ ಕೊಡಿ. ಬಾವುಟ ಕೂರೋ ತೂತಿಗೆ ಸ್ವಿಚ್ ಇಟ್ಟು, ಬಾವುಟ ಇರೋ ತನಕ ಆ ಲೈನಿಗೆ ಕರೆಂಟೇ ಹೋಗದ ಹಂಗೆ ಮಾಡಕ್ಕಾಗುತ್ತಾ?

ಭದ್ರಾವತಿ_ವೈರಿಂಗ್

ಆಗುತ್ತೆ ಸರ್, ಸುಲಭ. ಒಂದು ರೀಡ್ ಸ್ವಿಚ್ (ಆಯಸ್ಕಾಂತ ಹತ್ರ ಬಂದ್ರೆ ಕೆಲಸ ಮಾಡೋ ಸ್ವಿಚ್), ಬಾವುಟದ ಬುಡಕ್ಕೆ ಪುಟ್ಟ ಆಯಸ್ಕಾಂತ. ಪಿಟ್ ಲೈನಿಗೆ ಫೀಡ್ ಬೇರೆ ಮಾಡಿ ರಿಲೇ ಮೂಲಕ ಕೊಟ್ರೆ ಬಾವುಟ ಇದ್ದಷ್ಟು ಹೊತ್ತು ಎಂಜಿನ್ ಒಳಗೆ ಬರಲ್ಲ. ಈ ಭಾನುವಾರ ಬರ್ತೀನಿ.

ಕುಂಸಿ_ಹಳಿ

ಪ್ರದರ್ಶನ ಮುಗೀತು. ಶಿವಮೊಗ್ಗದ ಒಂದು ಶಾಲೆಯ ವಿಜ್ಞಾನ ಮೇಳದಲ್ಲಿ ಜಾಗ ಕೊಟ್ಟಿದ್ರು, ಎರಡು ದಿನ. ಮೇಷ್ಟ್ರು ಹೇಳಿದ ಎತ್ತರ, ಹಗ್ಗ, ಬೋರ್ಡ್ ಎಲ್ಲಾ ಹಂಗೇ ಮಾಡಿದ್ವಿ, ಸುತ್ತೋ ಮೇನ್ ಲೈನ್ ಹಾಕ್ಲಿಲ್ಲ, ಇಪ್ಪತ್ತು ನಿಮಿಷದ ಪಾಳಿ ಓಡಿಸಿದ್ವಿ.

ಮೊದಲ ದಿನ ಬೆಳಿಗ್ಗೆ ಮಕ್ಕಳು ಬಂದು ರೈಲು ಯಾಕೆ ನಿಂತಿದೆ ಅಂತ ಕೇಳಿ ಮುಂದೆ ಹೋಗ್ತಿದ್ರು. ಆಗ ಹಳಬ ಸರ್ ಎದ್ದು, ಒಬ್ಬ ಹುಡುಗನ ಕೈಗೆ ಬಾವುಟ ಕೊಟ್ಟು, ಕೆಳಗೆ ಆರು ಜನ ಕೆಲಸ ಮಾಡ್ತಿದ್ದಾರೆ, ಅವರು ಮೇಲೆ ಬರೋ ತನಕ ಇದು ನಿನ್ನ ಜವಾಬ್ದಾರಿ ಅಂದ್ರು. ಅವ್ನು ಊಟದ ಬೆಲ್ ಹೊಡೆದ್ರೂ ಅಲ್ಲಾಡ್ಲಿಲ್ಲ, ಅವನ ಫ್ರೆಂಡ್ ಬಾವುಟ ಕೀಳೋಕೆ ಹೋದಾಗ ನಾನು ಹಾಕಿದ್ದು ನಾನೇ ತೆಗೀಬೇಕು ಅಂತ ಜಗಳಕ್ಕೇ ನಿಂತ. ಅಲ್ಲಿಂದ ಮುಂದೆ ಬಾವುಟಕ್ಕೆ ಸಾಲು. ಒಂದು ಹುಡುಗಿ ಬಾವುಟ ಇರುವಾಗ್ಲೇ ಎಂಜಿನ್ ಓಡ್ಸಿ ಅಂತ ಹಟ ಮಾಡಿದ್ಲು, ಓಡ್ಸಿದ್ವಿ, ಪಿಟ್ ಬಾಯಲ್ಲೇ ನಿಂತೋಯ್ತು, ಅವ್ಳಿಗೆ ಪೂರ್ತಿ ಅರ್ಥ ಆಯ್ತು.

ಸಂಜೆ ಆದ್ಮೇಲೆ ಹಾಲ್‌ನ ದೀಪ ಕಡ್ಮೆ ಮಾಡಿಸಿದ್ವಿ, ಪಿಟ್ ಲೈಟು ಎದ್ದು ಕಂಡು ದೊಡ್ಡೋರು ನಿಂತ್ರು. ಅವರಲ್ಲಿ ಒಬ್ರು ಹೆಂಗಸು, ಬೇರೆ ಊರಲ್ಲಿ ಬೋಗಿ ಕ್ಲೀನಿಂಗ್ ಕಾಂಟ್ರಾಕ್ಟ್‌ನಲ್ಲಿ ಇದ್ದೋರಂತೆ, ಅಕ್ಕ ಮಾಡಿದ ಸೀರೆ ಮೇಲೆ ಜಾಕೆಟ್ ಹಾಕಿದ ಗೊಂಬೆ ನೋಡಿ ಮಗಳನ್ನ ಕರೆದು ತೋರಿಸಿದ್ರು. ಆಮೇಲೆ ನನ್ನ ಹತ್ರ ಬಂದು, ಬಕೆಟ್ ಒಂದೇ ಇಟ್ಟಿದೀರಿ, ನಾವು ಎರಡು ಇಟ್ಕೋತೀವಿ, ಟಾಯ್ಲೆಟ್‌ದು ಬೇರೆ ಒಳಗಿನದು ಬೇರೆ, ಬಣ್ಣಾನೂ ಬೇರೆ ಅಂದ್ರು. ಎರಡನೇ ದಿನ ಬೆಳಿಗ್ಗೆ ಕೆಂಪು ಬಕೆಟ್ ಸೇರಿಸಿದೆ.

ಕಷ್ಟ ಆಗಿದ್ದು ಕರೆಂಟ್. ಮಧ್ಯಾಹ್ನ ವೋಲ್ಟೇಜ್ ಏರಿಳಿತಕ್ಕೆ ಡಿಸಿಸಿ ರೀಸೆಟ್ ಆಗ್ತಿತ್ತು, ಯುಪಿಎಸ್ ಇಟ್ಟ ಮೇಲೆ ಆ ತೊಂದರೆ ನಿಂತೋಯ್ತು. ಎಲ್ರೂ ಹೆಚ್ಚು ಹೊತ್ತು ನೋಡಿದ್ದು ಜಾಕ್ ಮೇಲೆ ಎತ್ತಿದ ಬೋಗಿನ, ಹಳಬ ಸರ್ ಹೇಳಿದ ಹಂಗೇ ಆಯ್ತು. ಹಾಲೆ ಮರದ ಇಬ್ರು ರೋಲಿಂಗ್ ಇನ್ ಮಾಡ್ತಾ ಕೂತಿದ್ದಾರೆ, ಅವರ ಮುಖ ನೋಡೋಕೆ ಭೂತಗನ್ನಡಿ ಇಟ್ಟಿದ್ವಿ.

ಆನಂದಪುರದ_ಅಕ್ಕ

ಎರಡು ಬಕೆಟ್ ವಿಷ್ಯ ಓದಿ ಕಣ್ಣು ತುಂಬಿ ಬಂತು. ಇನ್ನೂ ನಾಲ್ಕು ಹೆಂಗಸರು ರೆಡಿ ಇದ್ದಾರೆ, ಒಬ್ರ ಕೈಲಿ ಬೆಡ್‌ಶೀಟ್ ಗಂಟು.

ಪಿಟ್‌ಲೈನ್_ಹಳಬ

ಮುಂದಿನ ಸಲಕ್ಕೆ ಸಿಕ್ ಲೈನಲ್ಲಿ ಒಂದು ನೀಲಿ ಐಸಿಎಫ್ ಬೋಗಿ ಇರಲಿ. ಆ ಮಾದರಿ ಕಟ್ಟೋದು 2018ರ ಜನವರಿಗೆ ನಿಲ್ಲಿಸಿದ್ರು, ನನ್ನ ಸರ್ವೀಸ್‌ನ ಹೆಚ್ಚು ಭಾಗ ಅದರ ಕೆಳಗೇ ಕಳೀತು. ಡ್ರಾಯಿಂಗ್ ನಾನು ಬರೆದು ಕೊಡ್ತೀನಿ, ಡ್ಯಾಶ್‌ಪಾಟ್ (ಕುಲುಕು ತಡೆಯೋ ಎಣ್ಣೆ ಕೊಳವೆ) ಎಲ್ಲಿ ಬರುತ್ತೆ ಅಂತ ಕಣ್ಮುಚ್ಚಿ ಹೇಳ್ಬಲ್ಲೆ.

ಸಾಗರ_ಮರಗೆಲಸ

ನಮ್ಮ ಸಾಗರಕ್ಕೆ ಯಾವಾಗ ತರ್ತೀರಿ? ಇಲ್ಲಿ ಒಂದು ಹಾಲ್ ನೋಡಿದೀನಿ, ನೆಲ ಸಮ ಇದೆ, ಕರೆಂಟ್ ಪಾಯಿಂಟ್ ಗೋಡೆಗೆ ಎರಡು.

ಕುಂಸಿ_ಹಳಿ

ಕೊಯ್ಲು ಮುಗಿದ ಮೇಲೆ ಬರ್ತೀವಿ, ಆವಾಗ ಮಳೆ ಭಯಾನೂ ಇರಲ್ಲ. ಬೋರ್ಡ್‌ಗಳನ್ನ ಎರಡೆರಡು ಮುಖಾಮುಖಿ ಮಾಡಿ ಕೊನೆಗೆ ಪ್ಲೈ ಹಲಗೆ ಬಿಗಿದು ಸಾಗಿಸೋದು, ಆ ಪೆಟ್ಟಿಗೆ 125 ಸೆಂ.ಮೀ. ಉದ್ದ, 65 ಅಗಲ, 70 ಎತ್ತರ ಬರುತ್ತೆ, ಮುಚ್ಚಿದ ಗೂಡ್ಸ್ ಆಟೋ ಸಾಕು, ಕೆಳಗೆ ಹಾಸಿಗೆ ಹಾಕ್ಬೇಕು. ಬೋಗಿಗಳು ಬೇರೆ ಪೆಟ್ಟಿಗೇಲಿ ನನ್ನ ತೊಡೆ ಮೇಲೆ ಬರ್ತವೆ. ಹಾಲ್ ಬಾಗಿಲು ಎಷ್ಟು ಅಗಲ ಇದೆ, ಮೆಟ್ಟಿಲು ಇದೆಯಾ ನೋಡಿ ಹೇಳಿ.